ಸುಡಾನ್ ಕಲಿಸಿದ ಪಾಠ: ಹೊರದೇಶದಲ್ಲಿ ಮಾತು ಬಂದರಷ್ಟೇ ಸಾಲದು

ಹೊರದೇಶದಲ್ಲಿ ದುಡಿಯಲು ಇಂಗ್ಲಿಷ್ ಬಂದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿ ಸಮುದಾಯದವರ ಅನುಭವ ಬೇರೆಯೇ ಪಾಠ ಹೇಳುತ್ತದೆ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಆರಂಭವಾಯಿತು. ರಾಜಧಾನಿ ಖಾರ್ಟೂಮ್‌ನಿಂದ ನೂರಾರು ಕಿ.ಮೀ. ದೂರದ ಎಲ್ ಫಾಶರ್ ಪಟ್ಟಣದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳ ಒಂದು ಗುಂಪು ಸಿಲುಕಿಕೊಂಡಿತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಇವರು ಗಿಡಮೂಲಿಕೆ ಔಷಧ ಮಾರಲು ಹೋದವರು.

ಇವರ ಮನೆಮಾತು ಗುಜರಾತಿಗೆ ಹತ್ತಿರವಾದ ವಾಗ್ರಿ. ಸಂತೆಗೆ ಬಂದರೆ ಕನ್ನಡ, ತಮಿಳು, ತೆಲುಗು, ಹಿಂದಿ. ಊರೂರು ತಿರುಗಿ ಮಾರುವವರಿಗೆ ಎದುರಿನವರ ಮುಖ ನೋಡಿ ಮಾತು ಕಲಿಯುವುದು ಹೊಟ್ಟೆಪಾಡಿನ ವಿದ್ಯೆ. ಭದ್ರಾವತಿಯವರಿಗೂ ಇದು ಹೊಸತಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಹಲವು ಭಾಷೆಯವರನ್ನು ಒಂದೇ ಪೇಟೆಗೆ ತಂದಿತು. ಅಲ್ಲಿ ಬೆಳೆದ ಮಕ್ಕಳು ಪರಭಾಷೆಗೆ ಹೆದರುವುದಿಲ್ಲ. ಕೊಲ್ಲಿ ದೇಶಗಳಿಗೆ ಹೊರಟವರಿಗೆ ಇದೇ ದೊಡ್ಡ ಬಂಡವಾಳ.

ಆದರೆ ವ್ಯಾಪಾರದ ಮಾತು ಯುದ್ಧದ ದಿನ ಸಾಕಾಗಲಿಲ್ಲ. ಆಗ ಬೇಕಾದದ್ದು ನಮ್ಮದೇ ಸರಕಾರದೊಡನೆ ಸಂಪರ್ಕ. ಏಪ್ರಿಲ್ 18ರಂದು ಸಿದ್ದರಾಮಯ್ಯನವರು ಟ್ವಿಟರಿನಲ್ಲಿ ಇವರ ಪರ ಮನವಿ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಅದನ್ನು ರಾಜಕೀಯವೆಂದರು. ವಿಧಾನಸಭಾ ಚುನಾವಣೆ ಹತ್ತಿರವಿತ್ತು, ವಾಗ್ವಾದ ಬೆಳೆಯಿತು. 24ರಂದು 'ಆಪರೇಷನ್ ಕಾವೇರಿ' ಪ್ರಕಟವಾಯಿತು. ಪೋರ್ಟ್ ಸುಡಾನ್‌ನಿಂದ ಜೆಡ್ಡಾ ಮೂಲಕ ಜನರನ್ನು ಕರೆತರಲಾಯಿತು. ಮೇ 5ರ ಹೊತ್ತಿಗೆ ಒಟ್ಟು 3,862 ಮಂದಿಯನ್ನು ಪಾರುಮಾಡಲಾಗಿತ್ತು.

ತೊಡಕು ಎಲ್ಲಿದೆ? ಇಸಿಆರ್ ಪಾಸ್‌ಪೋರ್ಟ್ ಇರುವವರು ಸುಡಾನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇ-ಮೈಗ್ರೇಟ್ ಮೂಲಕ ಅನುಮತಿ ಪಡೆಯಬೇಕು. ಸ್ವಂತ ವ್ಯಾಪಾರಕ್ಕೋ ಭೇಟಿಗೋ ಹೋಗುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ತಾವಾಗಿಯೇ ರಾಯಭಾರ ಕಚೇರಿಗೆ ತಿಳಿಸದಿದ್ದರೆ ಅವರು ಎಲ್ಲಿದ್ದಾರೆಂದು ಕಚೇರಿಗೆ ಗೊತ್ತಾಗುವ ಬಗೆ ಹೇಗೆ?

ಹೀಗಾಗಿ ಹೊರದೇಶದಲ್ಲಿ ಸಂವಹನಕ್ಕೆ ಎರಡು ತುದಿಗಳಿವೆ. ಒಂದು, ಅಲ್ಲಿನ ಜನರೊಡನೆ: ಅವರ ಅಭಿವಂದನೆ, ಪ್ರಾರ್ಥನೆಯ ವೇಳೆ, ಹೆಂಗಸರೊಡನೆ ಮಾತನಾಡುವ ರೀತಿ, ಯಾವ ಸರಕು ಮಾರಲು ಪರವಾನಗಿ ಬೇಕೆಂಬ ತಿಳಿವಳಿಕೆ. ಇನ್ನೊಂದು, ತಾಯ್ನಾಡಿನೊಡನೆ. ಮೊದಲನೆಯದನ್ನು ಹಕ್ಕಿಪಿಕ್ಕಿಗಳಿಂದ ನಾವೇ ಕಲಿಯಬಹುದು. ಎರಡನೆಯದಕ್ಕೆ ನೆರವು ಬೇಕು.

ಇಲ್ಲಿ ಚರ್ಚಿನ ಕಾರ್ಯಕರ್ತರಿಗೆ ಕೆಲಸವಿದೆ. ವಾಳೆಯಿಂದ ಯಾರಾದರೂ ವಿದೇಶಕ್ಕೆ ಹೊರಟರೆ ಗುರಿಕಾರರು ಮೂರು ಮಾತು ಕೇಳಲಿ: ಒಪ್ಪಂದ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಯಾರಾದರೂ ಓದಿ ಹೇಳಿದ್ದಾರೆಯೇ? ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುತ್ತೀರಾ? ಪಾಸ್‌ಪೋರ್ಟ್, ವೀಸಾ ಪ್ರತಿ ಮನೆಯಲ್ಲಿ ಇಟ್ಟಿದ್ದೀರಾ? ಶಿವಮೊಗ್ಗವಾಗಲಿ ಮಂಗಳೂರಾಗಲಿ, ಈ ಪ್ರಶ್ನೆಗಳಿಗೆ ಖರ್ಚಿಲ್ಲ. ಕೇಳದೆ ಬಿಟ್ಟರೆ ಮಾತ್ರ ಮನೆಯವರು ಫೋನಿನ ಮುಂದೆ ರಾತ್ರಿಗಳನ್ನು ಕಳೆಯಬೇಕಾಗುತ್ತದೆ.