ಹಳೆಯ ಕೋವಿ, ಹೊಸ ತೋಟಾ

12 ಬೋರ್ ಎಂದರೆ ನಳಿಗೆಗೆ ಸರಿಹೊಂದುವ 12 ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗುತ್ತವೆ ಎಂದರ್ಥ. ಪುಟ್ಟ ‘ಫೋರ್-ಟೆನ್’ ಮಾತ್ರ ಈ ಲೆಕ್ಕಕ್ಕೆ ಸೇರದು. ಅದು ಅಂಗುಲದ ಅಳತೆ, 0.410. ಇಂಗ್ಲೆಂಡಿನ ಇಂಥ ಹಳೆಯ ಕೋವಿಗಳಲ್ಲಿ ಕೆಲವಕ್ಕೆ ತೋಟಾ ಕೂರುವ ಗೂಡು ಎರಡೇ ಅಂಗುಲ. ತೋಟಾದ ಮೇಲೆ ನಮೂದಿಸಿದ ಉದ್ದವೋ, ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನದು! ಬಾಯಿ ಮಡಿಚಿದ ಹೊಸ ತೋಟಾ ಗಿಡ್ಡಗಿರುವುದರಿಂದ ಚಿಕ್ಕ ಗೂಡಿನಲ್ಲೂ ಕೂತುಬಿಡಬಹುದು. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಚರೆಯ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಕರಿಮದ್ದಿಗೆಂದೇ ಪರೀಕ್ಷಿಸಿದ ನಳಿಗೆಗೆ ಹೊಗೆರಹಿತ ಮದ್ದಿನ ತೋಟಾ ತುಂಬಿದರಂತೂ ಅದು ಸಿಡಿದು ಹಿಡಿದ ಕೈಯನ್ನೇ ಒಯ್ದೀತು. ಆದ್ದರಿಂದಲೇ ಬಲ್ಲವರು ಮೊದಲು ನೋಡುವುದು ನಳಿಗೆಯ ಅಡಿಯ ಮುದ್ರೆಯನ್ನು. 1813ರ ಕಾಯಿದೆಯಿಂದ ಹುಟ್ಟಿದ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್, ನಳಿಗೆಗಳನ್ನು ಪರೀಕ್ಷಿಸಿ ಅಂಥ ಮುದ್ರೆಯನ್ನು ಇಂದಿಗೂ ಒತ್ತುತ್ತಿದೆ.