ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಕೇಳ್ಸುತ್ತೆ!

ಪ್ರಾಜೆಕ್ಟ್ ಡೆಮೊ ದಿನ ಲ್ಯಾಬ್‌ನಲ್ಲಿ ಪದೇ ಪದೇ ಕೇಳಿಬರೋ ಮಾತು: "ಸರ್, ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಕೇಳ್ಸುತ್ತೆ." ಆಡಿಯೊ ಕೋಡ್ ಬರೆಯೋರ ಬಾಯಲ್ಲಿ ಇದು ಉತ್ತರ ಅಲ್ಲ ಅನ್ನೋದು ನನ್ನ ವಾದ.

ಕಂಪ್ಯೂಟರಿಗೆ ದನಿ ಅಂದ್ರೆ ಬರೀ ಅಂಕಿಗಳ ಸಾಲು. ಸೆಕೆಂಡಿಗೆ ಎಷ್ಟು ಅಂಕಿ ಓದಬೇಕು ಅನ್ನೋದೇ ಸ್ಯಾಂಪಲ್ ರೇಟ್. ಸಿ.ಡಿ.ಯಿಂದ ರೂಢಿಗೆ ಬಂದದ್ದು 44,100. ವಿಡಿಯೊದಲ್ಲಿ ಬಳಕೆಯಲ್ಲಿರೋದು 48,000. ಒಂದು ಲ್ಯಾಪ್‌ಟಾಪ್ ಅದಕ್ಕೆ ಸೆಟ್ ಆಗಿದ್ರೆ ಇನ್ನೊಂದು ಇದಕ್ಕೆ. ಸಾಧನವನ್ನ ಕೇಳದೇನೇ 44,100 ಅಂತ ಲೆಕ್ಕ ಹಾಕಿ 440 ಹರ್ಟ್ಸ್ ಸ್ವರ ಹುಟ್ಟಿಸಿದ್ರೆ, 48,000ದಲ್ಲಿ ಓಡೋ ಸಾಧನದಲ್ಲಿ ಅದು ಸುಮಾರು 479 ಹರ್ಟ್ಸ್ ಆಗುತ್ತೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಕೆಲವು ಸಲ ಆಪರೇಟಿಂಗ್ ಸಿಸ್ಟಮ್ ತಾನೇ ರೇಟ್ ಹೊಂದಿಸಿಬಿಡುತ್ತೆ. ಅದಕ್ಕೇ ತಪ್ಪು ಒಂದು ಕಂಪ್ಯೂಟರಲ್ಲಿ ಅಡಗಿ ಕೂತು ಇನ್ನೊಂದರಲ್ಲಿ ಎದ್ದು ಬರೋದು.

ಬರೀ ಬೀಪ್ ಸದ್ದಾದ್ರೆ ಪರವಾಗಿಲ್ಲ. ಆದ್ರೆ ನಮ್ಮದು ಚಳ್ಳಕೆರೆ, ಮೊಳಕಾಲ್ಮೂರು ಸೀಮೆ. ಸಾವಿರಾರು ಹಾಡನ್ನ ನೆನಪಲ್ಲೇ ಇಟ್ಟುಕೊಂಡಿದ್ದ ನಾಡೋಜ ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನವರು. ಇಲ್ಲಿನ ಅಜ್ಜಿಯರ ಹಾಡನ್ನ ರೆಕಾರ್ಡ್ ಮಾಡಿ ಒಂದು ಆ್ಯಪ್ ಕಟ್ಟಬೇಕು ಅನ್ನೋ ಆಸೆ ನಮ್ಮಲ್ಲಿ ಹಲವರಿಗಿದೆ. 44,100ರ ರೆಕಾರ್ಡಿಂಗನ್ನ 48,000ದಲ್ಲಿ ಓಡಿಸಿದ್ರೆ 10 ನಿಮಿಷದ ಹಾಡು 9 ನಿಮಿಷ 11 ಸೆಕೆಂಡಿಗೇ ಮುಗಿಯುತ್ತೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತೆ. ಅಜ್ಜಿಯನ್ನ ಎದುರಿಗೆ ಕೂತು ಕೇಳಿದವರು ಯಾರೂ ಇಲ್ಲದ ಕಾಲಕ್ಕೆ, ಅವರ ದನಿ ಇದ್ದದ್ದೇ ಹೀಗೆ ಅಂತ ಮುಂದಿನವರು ನಂಬ್ತಾರೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಕೊನೆಗೆ, ಇದನ್ನ ಬರೆದವನು ಚಪಡ ಅಂತ ಕೆತ್ತಿದೆ. ಅಷ್ಟು ಬರೆದಿದ್ದಕ್ಕೇ ಲಿಪಿಕಾರ ಯಾರು ಅಂತ ಇವತ್ತಿಗೂ ಗೊತ್ತು. ನಮ್ಮ ಫೈಲಿಗೂ ಅಂಥ ಒಂದು ಸಾಲು ಬೇಕು: ರೇಟ್ ಎಷ್ಟು, ಚಾನೆಲ್ ಎಷ್ಟು, ಎಷ್ಟು ಬಿಟ್. ವೇವ್ ಫೈಲಿನ ಹೆಡರಲ್ಲಿ ಇದೆಲ್ಲ ಇರುತ್ತೆ, ಅದನ್ನ ಓದೋ ಕೋಡ್ ನಾವು ಬರೀಬೇಕು ಅಷ್ಟೆ.

ಹಾಗಾಗಿ ಗೆಳೆಯರೇ, ರೇಟ್ ಊಹಿಸಬೇಡಿ, ಫೈಲನ್ನೂ ಸಾಧನವನ್ನೂ ಕೇಳಿ. ಎರಡೂ ಬೇರೆ ಇದ್ರೆ ಪರಿವರ್ತಿಸಿ. ಸಬ್ಮಿಟ್ ಮಾಡೋ ಮುಂಚೆ ಪಕ್ಕದವರ ಲ್ಯಾಪ್‌ಟಾಪಲ್ಲೂ ಸ್ಟಾಪ್‌ವಾಚ್ ಹಿಡಿದು ಓಡಿಸಿ ನೋಡಿ. ಆಡಿಯೊ ಪ್ರಾಜೆಕ್ಟಿಗೆ ಎರಡು ಕಂಪ್ಯೂಟರಲ್ಲಿ ಡೆಮೊ ಕಡ್ಡಾಯ ಮಾಡಿ ಅಂತ ನಮ್ಮ ಮೇಷ್ಟ್ರುಗಳನ್ನೂ ಕೇಳ್ಕೋತೀನಿ. ಅರ್ಧ ಗಂಟೆ ಕೆಲಸ ಜಾಸ್ತಿ ಆಗುತ್ತೆ, ಆಗ್ಲಿ ಬಿಡಿ.