ಹಳೇ ಗಾಡಿ ಮಾತು, ಭಾಗ 4: ‘ಒರಿಜಿನಲ್’ ಅನ್ನೋ ಜಂಬ

‘ಪದ್ಮಿನಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ರೆ ಒರಿಜಿನಾಲಿಟಿ ಹೋಯ್ತು’ ಅನ್ನೋರೇ, ಸ್ವಲ್ಪ ಕೇಳಿ.

ಇಂಜಿನ್ 3000 ಆರ್‌ಪಿಎಂನಲ್ಲಿದ್ರೆ ಪಾಯಿಂಟ್ಸ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತೆ. ಸುಡುತ್ತೆ, ಸವೆಯುತ್ತೆ. ಗ್ಯಾಪ್ ಕಮ್ಮಿಯಾದ್ರೆ ಟೈಮಿಂಗ್ ಹಿಂದೆ ಬೀಳುತ್ತೆ. ಪಿಕಪ್ ಇಲ್ಲ, ಪೆಟ್ರೋಲ್ ಜಾಸ್ತಿ. ಪದೇ ಪದೇ ಇದೇ ಗೋಳು ಅಂತ ನಮ್ಮಪ್ಪ ಗಾಡೀನೇ ಮಾರೋಕೆ ಹೊರಟಿದ್ರು.

ಎಲೆಕ್ಟ್ರಾನಿಕ್‌ನಲ್ಲಿ ಸವೆಯೋಕೆ ಪಾಯಿಂಟ್ಸೇ ಇಲ್ಲ.

ಹೌದು, ಮಾಡ್ಯೂಲ್ ಹೋದ್ರೆ ಗಾಡಿ ಅಲ್ಲೇ ನಿಲ್ಲುತ್ತೆ. ಪಾಯಿಂಟ್ಸ್ ಆದ್ರೆ ಎಮರಿ ಪೇಪರ್‌ನಲ್ಲಿ ಉಜ್ಜಿ ಮನೆ ಸೇರಬಹುದು. ಒಪ್ಪಿದೆ. ಅದಕ್ಕೇ ಬಿಚ್ಚಿದ ಪಾಯಿಂಟ್ಸ್, ಕಂಡೆನ್ಸರ್ ಎಸೀಬೇಡಿ, ಡಿಕ್ಕೀಲಿ ಇಟ್ಕೊಳ್ಳಿ.

ಬಿಕಾಂ ಲೆಕ್ಕ ಇಷ್ಟೇ: ಶೆಡ್ಡಲ್ಲಿ ನಿಂತ ಒರಿಜಿನಲ್ ಗಾಡೀಲಿ ಓಡೋದು ಡಿಪ್ರಿಸಿಯೇಷನ್ ಒಂದೇ. ನಿಮಗೆ ಬೇಕಿರೋದು ಮ್ಯೂಸಿಯಮ್ಮಾ, ಗಾಡೀನಾ?